ಮಡಿಲಲ್ಲಿದ್ದ ಕಡಲೆಕಾಯಿ

ಚೀಲ ಹೆಗಲಿನಿಂದ ಜೋತಾಡುವ ರೀತಿ ನೋಡಿದರೆ ಸಾಕು, ಒಳಗೆ ತಿಂಡಿ ಇದೆಯೋ ಇಲ್ಲವೋ ಎಂಬುದು ಎರಡನೆಯ ದಿನಕ್ಕೇ ನನಗೆ ತಿಳಿಯತೊಡಗಿತು. ಫೋನು, ಪರ್ಸು, ಬಾಚಣಿಗೆ ಮಾತ್ರ ಇರುವ ಚೀಲ ನಡೆಯುವಾಗ ಹಿಂದೆ ಮುಂದೆ ಓಲಾಡುತ್ತದೆ. ತಿಂಡಿ ಇರುವ ಚೀಲವನ್ನು ಹೆಂಗಸರು ಮೊಣಕೈಯಿಂದ ಪಕ್ಕೆಗೆ ಒತ್ತಿಕೊಂಡಿರುತ್ತಾರೆ. ಅದು ಅಲುಗುವುದಿಲ್ಲ. ಅಂಥ ಚೀಲ ಸಾಲಿನಲ್ಲಿ ಐದಾರು ಜನರ ಹಿಂದೆ ಇರುವಾಗಲೇ ಕಣ್ಣಿಗೆ ಬೀಳುತ್ತಿತ್ತು. ಬೀಳದಿದ್ದರೆ ಚೆನ್ನಾಗಿತ್ತು ಎಂದು ಆಮೇಲಾಮೇಲೆ ಅನಿಸುತ್ತಿತ್ತು.

ತಮಿಳುನಾಡಿನ ತೇನಿಯ ಆ ಥಿಯೇಟರಿನಲ್ಲಿ ಮೂರು ತೆರೆಗಳಿದ್ದವು. ಪೊಂಗಲ್ ರಜೆಯ ವಾರ ಹೊಸ ಸಿನಿಮಾ ಬಂದಿತ್ತು. ಹೆಂಗಸರ ಸಾಲಿನಲ್ಲಿ ತಪಾಸಣೆ ಮಾಡುವುದು ನನ್ನ ಕೆಲಸ. ಗೇಟಿನ ಒಳಗೆ ಒಂದು ಮೇಜು, ಮೇಜಿನ ಪಕ್ಕ ನೀಲಿ ಪ್ಲಾಸ್ಟಿಕ್ ಡ್ರಮ್ಮು, ಹಿಂದಿನ ಗೋಡೆಯ ಮೇಲೆ ಹೊರಗಿನ ತಿಂಡಿಗೆ ಅವಕಾಶವಿಲ್ಲ ಎಂದು ತಮಿಳಿನಲ್ಲಿ ಬರೆದ ಬೋರ್ಡು. ಗಂಡಸರ ಸಾಲನ್ನು ನೋಡಿಕೊಳ್ಳಲು ಒಬ್ಬರಿದ್ದರು, ನನಗಿಂತ ಹತ್ತು ವರ್ಷ ದೊಡ್ಡವರು. ಎಲ್ಲರೂ ಅವರನ್ನು ಅಣ್ಣ ಎನ್ನುತ್ತಿದ್ದರು. ಅವರಿಗೆ ಕುರ್ಚಿ ಇತ್ತು, ನನಗಿರಲಿಲ್ಲ. ಕೇಳಿದ್ದಕ್ಕೆ ಮ್ಯಾನೇಜರು, "ಕೂತುಕೊಂಡು ಚೀಲದ ತಳ ಹೇಗೆ ನೋಡುತ್ತೀರಿ?" ಎಂದಿದ್ದರು.

ಆ ವಾರಕ್ಕೆ ಮುಂಚೆ ತಪಾಸಣೆ ಇಷ್ಟು ಬಿಗಿಯಾಗಿರಲಿಲ್ಲ. ಹೊಸದಾಗಿ ಕ್ಯಾಂಟೀನು ಹಿಡಿದವರು, ಒಳಗೆ ಜನ ಮನೆಯ ಪುಳಿಯೋಗರೆ ಬಿಚ್ಚಿಕೊಂಡು ತಿನ್ನುತ್ತಿದ್ದರೆ ನಾನು ಪಾಪ್‌ಕಾರ್ನ್ ಮಾರುವುದು ಯಾರಿಗೆ ಎಂದು ಕೇಳಿದರಂತೆ. ಮ್ಯಾನೇಜರು ನಮ್ಮಿಬ್ಬರನ್ನು ನಿಲ್ಲಿಸಿ ನಿಯಮ ಹೇಳಿದರು. ಹಸುಗೂಸಿನ ಹಾಲು ಬಿಡಬಹುದು. ಡಾಕ್ಟರ ಚೀಟಿ ಇದ್ದರೆ ಔಷಧ ಬಿಡಬಹುದು. ಮಿಕ್ಕಿದ್ದು ಯಾವುದೂ ಇಲ್ಲ. ಯಾರ ಮೈಯನ್ನೂ ಮುಟ್ಟಬಾರದು, ಚೀಲದೊಳಗೆ ಕೈ ಹಾಕಬಾರದು, ಅವರೇ ತೆಗೆದು ಮೇಜಿನ ಮೇಲೆ ಇಡಬೇಕು. ಜಗಳವಾದರೆ ದನಿ ಏರಿಸಬಾರದು. ಸಾಲು ನಿಲ್ಲಬಾರದು.

ಈ ಕೊನೆಯ ಮಾತೇ ಕಷ್ಟ. ಆಟ ಶುರುವಾಗುವುದಕ್ಕೆ ಅರ್ಧ ಗಂಟೆ ಮುಂಚೆ ಗೇಟು ತೆರೆಯುತ್ತಿದ್ದರು. ಆ ಅರ್ಧ ಗಂಟೆಯಲ್ಲಿ ನನ್ನ ಮೇಜಿನ ಮುಂದೆ ಇನ್ನೂರು ಮುನ್ನೂರು ಹೆಂಗಸರು ಹಾದುಹೋಗಬೇಕು. ಒಬ್ಬರಿಗೆ ಎರಡು ಮೂರು ಉಸಿರಿನಷ್ಟು ಹೊತ್ತು. ಜಿಪ್ಪು ತೆಗೆಸು, ನೋಡು, ಮುಚ್ಚಿಸು, ಕಳಿಸು. ತಿಂಡಿ ಸಿಕ್ಕರೆ ಹೊರಗೆ ಹೋಗಿ ತಿಂದು ಬರುತ್ತೀರೋ, ಇಲ್ಲಿ ಇಟ್ಟು ಹೋಗುತ್ತೀರೋ ಎಂದು ಕೇಳು. ಮೊದಲ ದಿನ ಮೂರನೆಯ ಆಟದ ಹೊತ್ತಿಗೆ ನನ್ನ ಪಾದಗಳು ಚಪ್ಪಲಿಯ ಪಟ್ಟಿಯಿಂದ ಆಚೆಗೆ ಉಬ್ಬಿದ್ದವು.

ತಿಂಡಿ ಎಲ್ಲೆಲ್ಲಿ ಇರುತ್ತಿತ್ತು ಎಂದರೆ, ಮಗುವಿನ ಡಯಾಪರ್ ಚೀಲದಲ್ಲಿ ಕೆಳಗಿನಿಂದ ಎರಡನೆಯ ಡಯಾಪರಿನ ಮಡಿಕೆಯಲ್ಲಿ ಎಳ್ಳುಂಡೆ. ಹೆಲ್ಮೆಟ್ಟಿನ ಒಳಗೆ ಬಾಳೆಕಾಯಿ ಚಿಪ್ಸು. ಎಕ್ಸ್‌ರೇ ಕವರಿನಲ್ಲಿ ಚಪ್ಪಟೆಯಾಗಿ ಜೋಡಿಸಿದ ಅತಿರಸ. ಒಬ್ಬ ಹುಡುಗಿ ದುಪಟ್ಟಾದ ಮಡಿಕೆಯಲ್ಲಿ ಒಂದು ಗೊಂಚಲು ಪನ್ನೀರ್ ದ್ರಾಕ್ಷಿ ಕಟ್ಟಿಕೊಂಡು ಬಂದಿದ್ದಳು. ನೂಕುನುಗ್ಗಲಿನಲ್ಲಿ ಅದು ಜಜ್ಜಿ ಹೋಗಿ ಬಿಳಿ ಚೂಡಿದಾರದ ಮೇಲೆಲ್ಲ ನೇರಳೆ ಕಲೆ. ನಾನು ಏನೂ ಕೇಳುವ ಮೊದಲೇ ಅಳತೊಡಗಿದಳು. ಅವಳನ್ನು ನಲ್ಲಿಯ ಹತ್ತಿರ ಕಳಿಸಿದೆ. ದ್ರಾಕ್ಷಿ ಮೇಜಿನ ಮೇಲೆ ಉಳಿಯಿತು, ಇರುವೆ ಬಂದವು.

ಮೊದಲ ದಿನ ವಶಪಡಿಸಿಕೊಂಡದ್ದನ್ನೆಲ್ಲ ರಾಶಿ ಹಾಕಿದ್ದೆವು. ಆಟ ಬಿಟ್ಟಾಗ ಎಲ್ಲರೂ ಒಟ್ಟಿಗೆ ಮುಗಿಬಿದ್ದು ನನ್ನದು ತನ್ನದು ಎಂದು ಕಿತ್ತಾಡಿದರು. ಅದಕ್ಕೆ ಎರಡನೆಯ ದಿನ ಸೈಕಲ್ ಸ್ಟ್ಯಾಂಡಿನ ಹಳೆಯ ಟೋಕನ್ನುಗಳನ್ನು ಕೇಳಿ ತಂದೆ. ಒಂದೇ ನಂಬರಿನ ಎರಡೆರಡು ಬಿಲ್ಲೆ. ಒಂದನ್ನು ಡಬ್ಬಿಗೆ ರಬ್ಬರ್ ಬ್ಯಾಂಡಿನಿಂದ ಕಟ್ಟುವುದು, ಇನ್ನೊಂದನ್ನು ಅವರ ಕೈಗೆ ಕೊಡುವುದು. ಮಧ್ಯಾಹ್ನದವರೆಗೆ ಚೆನ್ನಾಗಿ ನಡೆಯಿತು. ಆಮೇಲೆ ಬಿಲ್ಲೆಗಳಲ್ಲಿ ಆರು ಯಾವುದು ಒಂಬತ್ತು ಯಾವುದು ಎಂದು ತಿಳಿಯದೆ, ಮೊಟ್ಟೆಯನ್ನೂ ಮುಟ್ಟದ ಮನೆಯೊಂದಕ್ಕೆ ಕೋಳಿ ಬಿರಿಯಾನಿಯ ಡಬ್ಬಿ ಹೋಯಿತು. ಅವರು ಬಸ್ ಸ್ಟ್ಯಾಂಡಿನಲ್ಲಿ ಮುಚ್ಚಳ ತೆಗೆದು ನೋಡಿ ವಾಪಸ್ ಬಂದರು. ಆ ಮನೆಯ ಹಿರಿಯರು ನನ್ನನ್ನು ಬಯ್ಯಲಿಲ್ಲ, ಡಬ್ಬಿಯನ್ನು ಮೇಜಿನ ಮೇಲೆ ಇಟ್ಟು ಕೈ ತೊಳೆಯಲು ಹೋದರು. ಬಯ್ದಿದ್ದರೆ ಮೇಲಿತ್ತು.

ಮೂರನೆಯ ದಿನ ಮ್ಯಾನೇಜರು ಟೋಕನ್ ಬೇಡವೆಂದರು. ಸಿಕ್ಕಿದ್ದು ಡ್ರಮ್ಮಿಗೆ. ವಾಪಸಿಲ್ಲ ಎಂದು ಗೊತ್ತಾದರೆ ತರುವುದನ್ನೇ ಬಿಡುತ್ತಾರೆ ಎಂಬುದು ಅವರ ಲೆಕ್ಕಾಚಾರ. ಜನ ತರುವುದನ್ನು ಬಿಡಲಿಲ್ಲ, ಬಚ್ಚಿಡುವುದನ್ನು ಇನ್ನೂ ಚೆನ್ನಾಗಿ ಕಲಿತರು. ಬೆಳೆ ತೆಗೆಯುವ ಮನೆಯಲ್ಲಿ ಹುಟ್ಟಿದವಳು ನಾನು. ಬಾಳೆಯೆಲೆಯಲ್ಲಿ ಕಟ್ಟಿದ ಅನ್ನವನ್ನು ಡ್ರಮ್ಮಿಗೆ ಹಾಕುವಾಗ ಮೊದಲ ಸಲ ಕೈ ಹಿಂದಕ್ಕೆ ಬಂತು. ಹತ್ತನೆಯ ಸಲಕ್ಕೆ ಬರಲಿಲ್ಲ.

ಇನ್ನು ಹೇಳಬೇಕಾದ್ದು ಕನ್ನಡದ ವಿಷಯ.

ನಮ್ಮ ಮನೆ ಚಿನ್ನಮನೂರಿನಲ್ಲಿ. ಮನೆಯಲ್ಲಿ ಆಡುವುದು ಕನ್ನಡ, ಬೀದಿಗಿಳಿದರೆ ತಮಿಳು. ಈ ಬರೆಯುವ ಕನ್ನಡ ನಾನು ತಡವಾಗಿ, ಹಟ ಹಿಡಿದು ಕಲಿತದ್ದು. ನಮ್ಮ ಮನೆಯ ಮಾತು ಇದಲ್ಲ. ಸುತ್ತಲಿನ ಕಂಬಂ, ತೇವಾರಂ, ಬೋಡಿ, ಎಲ್ಲ ಕಡೆ ನಮ್ಮಂಥ ಮನೆಗಳಿವೆ. ನಾಲ್ಕು ಜನರ ನಡುವೆ ಗುಟ್ಟು ಹೇಳಬೇಕಾದರೆ ನಾವು ಮಾಡುವುದು ಒಂದೇ ಕೆಲಸ, ತಮಿಳು ಬಿಟ್ಟು ಕನ್ನಡಕ್ಕೆ ಬರುವುದು. ಅಂಗಡಿಯಲ್ಲಿ ಸೀರೆಯ ಬೆಲೆ ಹೆಚ್ಚಾಯಿತು ಎಂದು ಹೇಳುವುದಕ್ಕೆ, ಹೆಣ್ಣು ನೋಡಲು ಹೋದ ಮನೆಯಲ್ಲಿ ಕಾಫಿ ಚೆನ್ನಾಗಿಲ್ಲ ಎಂದು ಹೇಳುವುದಕ್ಕೆ. ನಾನೂ ಹಾಗೇ ಬೆಳೆದವಳು.

ಎರಡನೆಯ ದಿನ ಬೆಳಗಿನ ಆಟಕ್ಕೆ ಕಂಬಂ ಕಡೆಯ ತಾಯಿ ಮಗಳು ಬಂದರು. ಮೇಜಿನಿಂದ ಮೂರು ಹೆಜ್ಜೆ ದೂರದಲ್ಲಿ ತಾಯಿ, ತಗ್ಗಿಸುವ ಗೋಜಿಗೂ ಹೋಗದ ದನಿಯಲ್ಲಿ ಹೇಳಿದಳು. "ಮುರುಕ್ಕು ಕೊಡೆಯೊಳಗೈತೆ. ಕೊಡೆಯ ನೆಟ್ಟಗೆ ಹಿಡ್ಕ. ಇವ್ಳ್ಗೇನ್ ತೆರೀತದೆ." ಇವಳಿಗೇನು ತಿಳಿಯುತ್ತದೆ ಎಂದು.

ನಾನು ಖಾಕಿ ಅಂಗಿ ಹಾಕಿದ್ದೆ, ಎದೆಯ ಮೇಲಿನ ಪಟ್ಟಿ ತಮಿಳಿನಲ್ಲಿತ್ತು. ಅವರ ಚೀಲ ನೋಡಿದೆ, ಏನೂ ಇರಲಿಲ್ಲ. "ಕೊಡೆ ಬಿಚ್ಚಿ" ಎಂದು ತಮಿಳಿನಲ್ಲೇ ಹೇಳಿದೆ. ಬಿಚ್ಚಿದಳು. ಮುರುಕ್ಕು ಆಲಿಕಲ್ಲಿನ ಹಾಗೆ ಮೇಜಿನ ಮೇಲೆ, ನೆಲದ ಮೇಲೆ ಉದುರಿತು. ಸಾಲಿನಲ್ಲಿದ್ದವರೆಲ್ಲ ನಕ್ಕರು. ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದ ಮ್ಯಾನೇಜರೂ ನಕ್ಕರು. ಕೆಳಗಿಳಿದು ಬಂದು, ಹೇಗೆ ಕಂಡುಹಿಡಿದಿರಿ ಎಂದರು.

"ವಾಸನೆ ಬಂತು ಸಾರ್" ಎಂದೆ.

ಯಾಕೆ ಹಾಗೆ ಹೇಳಿದೆನೋ. ನಿಜ ಹೇಳಲು ನಾಲಿಗೆ ಏಳಲಿಲ್ಲ, ಆದರೆ ಕೇಳಿಸಿಕೊಂಡದ್ದನ್ನು ಬಳಸುವುದನ್ನು ಬಿಡಲಿಲ್ಲ. ಆ ದಿನದಿಂದ ಸಾಲಿನಲ್ಲಿ ಕನ್ನಡ ಕೇಳಿಸಿದಾಗಲೆಲ್ಲ ಕಿವಿ ತಾನಾಗಿ ಆ ಕಡೆ ತಿರುಗುತ್ತಿತ್ತು. ಲಂಗದ ಗಂಟಿನಲ್ಲಿ, ಸ್ವೆಟರಿನ ತೋಳಿನಲ್ಲಿ, ಅಜ್ಜಿಯ ಎಲೆಅಡಿಕೆ ಚೀಲದ ಅಡಿಯಲ್ಲಿ ಎಂದು ಅವರೇ ನನಗೆ ಒಂದೊಂದಾಗಿ ಹೇಳುತ್ತಿದ್ದರು. ನಾನು ತೆಗೆಸುತ್ತಿದ್ದೆ, ಮೂರನೆಯ ದಿನದಿಂದ ಡ್ರಮ್ಮಿಗೆ ಹಾಕುತ್ತಿದ್ದೆ. ದಣಿದವರಿಗೆ ಸುಲಭದ ದಾರಿ ಸಿಕ್ಕರೆ ಅದು ಎಂಥ ದಾರಿ ಎಂದು ನೋಡುವ ಚೈತನ್ಯ ಇರುವುದಿಲ್ಲ. ಇದು ನೆಪ ಎಂಬುದೂ ನನಗೆ ಗೊತ್ತು.

ನಾಲ್ಕನೆಯ ದಿನ ಬೆಳಿಗ್ಗೆ ಚಿನ್ನಮನೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಖಾಕಿಯ ಮೇಲೆ ಶಾಲು ಹೊದ್ದಿದ್ದೆ. ಹಿಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು ಕನ್ನಡದಲ್ಲಿ ಮಾತಾಡುತ್ತಿದ್ದರು.

"ಅಲ್ಲೊಬ್ಳು ಅವ್ಳೆ ಕಣಕ್ಕ, ಗೇಟಲ್ಲಿ. ನಾಯಿ ಮೂಗು. ನಮ್ಮತ್ತೆ ಸೆರಗ್ನಾಗೆ ಕಟ್ಟಿದ್ ಬೆಲ್ಲಾನೂ ಬಿಡ್ಲಿಲ್ಲ."

"ಎಲ್ಲಿಯೋಳಂತೆ?"

"ಯಾರ್ ಕಂಡ್ರು. ನಮ್ಮೋಳಂತೂ ಅಲ್ಲ."

ನಾನು ಕಿಟಕಿಯ ಆಚೆ ನೋಡುತ್ತಾ ಕೂತೆ. ತೇನಿಯಲ್ಲಿ ಅವರು ಇಳಿದು ಹೋಗುವವರೆಗೂ ಸೀಟಿನಿಂದ ಏಳಲಿಲ್ಲ.

ಐದನೆಯ ದಿನ ಮಧ್ಯಾಹ್ನದ ಆಟ. ಬಿಸಿಲು ಮೇಜಿನ ತನಕ ಬಂದಿತ್ತು. ಸಾಲಿನಲ್ಲಿ ಅರವತ್ತೈದರ ಆಸುಪಾಸಿನ ಒಬ್ಬ ಹೆಂಗಸು, ಜೊತೆಗೆ ಕಾಲೇಜು ಓದುವ ವಯಸ್ಸಿನ ಮೊಮ್ಮಗಳು. ಆ ಹೆಂಗಸಿನ ಕೈ ಹಿಡಿದುಕೊಂಡು ಅವಳ ಗಂಡನೂ ಹೆಂಗಸರ ಸಾಲಿನಲ್ಲೇ ಇದ್ದರು. ಬಿಳಿ ಪಂಚೆ, ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಹಾಕಿ ಬಾಚಿದ ತಲೆ. ಅಣ್ಣ ಅವರನ್ನು ಗಂಡಸರ ಕಡೆಗೆ ಕರೆದರು. ಆ ಹೆಂಗಸು, ಬೇಡ, ನನ್ನ ಜೊತೆಗೇ ಇರಲಿ ಎಂದು ತಮಿಳಿನಲ್ಲಿ ಕೇಳಿಕೊಂಡಳು. ಅಣ್ಣ ಮುಂದಿನವರನ್ನು ಕರೆದರು.

ಸಾಲು ಮುಂದೆ ಸರಿಯಿತು. ಅವಳು ಮೊಮ್ಮಗಳ ಕಡೆಗೆ ಬಾಗಿದಳು.

"ಕಳ್ಳೆಕಾಯಿ ನನ್ ಮಡ್ಲಾಗೆ ಮಡಗಿವ್ನಿ. ಅವ್ಳು ಬ್ಯಾಗ್ ತಾನೆ ನೋಡ್ತಾಳೆ, ಮಡ್ಲು ನೋಡಾಕಿಲ್ಲ. ನೀನ್ ಸುಮ್ನೆ ಇರು ಕಣ್ಣು."

ಮೊಮ್ಮಗಳಿಗೆ ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಬಂದದ್ದು ತಮಿಳಿನಲ್ಲಿ. "ಸತ್ತಮಾ ಪೇಸಾದೀಂಗ ಅವ್ವಾ." ಗಟ್ಟಿಯಾಗಿ ಮಾತಾಡಬೇಡಿ ಎಂದಳು.

"ಅವ್ಳ್ಗೆ ತೆರಿಯಾಕಿಲ್ಲ ಬಿಡು."

ಅವರ ಸರದಿ ಬಂತು. ಚೀಲ ನೋಡಿದೆ. ನೀರಿನ ಬಾಟಲಿ, ಒಂದು ಟವೆಲ್ಲು, ಗಂಡಸಿನ ಒಂದು ಮಡಿಸಿದ ಪಂಚೆ. ಪಂಚೆ ಯಾಕೆ ಎಂದು ಒಂದು ಗಳಿಗೆ ಯೋಚಿಸಿದ್ದರೂ ಸಾಕಿತ್ತು. ಯೋಚಿಸಲಿಲ್ಲ. ಅವಳ ಸೊಂಟದ ಕಡೆ ನೋಡಿ ಕೈ ಚಾಚಿದೆ.

"ಅಮ್ಮಾ, ಮಡಿಯಿಲ ಎನ್ನ?"

ಮಡಿಲಲ್ಲಿ ಏನು ಎಂದು ಕೇಳಿದ್ದಕ್ಕೆ ಅವಳ ಮುಖ ಸುಟ್ಟ ಹಾಗಾಯಿತು. ಸೆರಗು ಸರಿಸಿ, ಸೀರೆಯ ಮಡಿಲು ಬಿಚ್ಚಿ, ಒಂದು ಬಟ್ಟೆಯ ಗಂಟನ್ನು ತೆಗೆದು ಮೇಜಿನ ಮೇಲೆ ಇಟ್ಟಳು. ಸಿಪ್ಪೆ ಸಹಿತ ಹುರಿದ ಕಡಲೆಕಾಯಿ. ಇನ್ನೂ ಬೆಚ್ಚಗಿತ್ತು.

"ಇದು ತಿನ್ನೋದಕ್ಕಲ್ಲಮ್ಮಾ" ಎಂದಳು ತಮಿಳಿನಲ್ಲಿ. "ಇವರಿಗೆ, ಕೈಗೆ..."

"ಎಲ್ಲರೂ ಹಾಗೇ ಹೇಳುತ್ತಾರೆ" ಎಂದೆ. ಹಿಂದೆ ಸಾಲು ನೂಕುತ್ತಿತ್ತು. ಗಂಟು ಬಿಚ್ಚಿ ಕಡಲೆಕಾಯಿಯನ್ನು ಡ್ರಮ್ಮಿಗೆ ಸುರಿದು ಬಟ್ಟೆಯನ್ನು ವಾಪಸ್ ಕೊಟ್ಟೆ. ಅವಳು ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡು ಗಂಡನನ್ನು ಕರೆದುಕೊಂಡು ಒಳಗೆ ಹೋದಳು. ಅವರು ಡ್ರಮ್ಮಿನ ಕಡೆ ತಿರುಗಿ ತಿರುಗಿ ನೋಡುತ್ತಾ ಹೋದರು.

ಆಟ ಶುರುವಾಗಿ ಅರ್ಧ ಗಂಟೆಯಾಗಿರಬೇಕು. ಮೇಜು ಒರೆಸುತ್ತಿದ್ದೆ. ಒಳಗಿನಿಂದ ಸೀಟಿ ಹೊಡೆಯುವುದು ಕೇಳಿಸಿತು. ಸಿನಿಮಾಕ್ಕೆ ಹೊಡೆಯುವ ಸೀಟಿ ಬೇರೆ, ಇದು ಬೇರೆ. ಬಾಗಿಲು ಕಾಯುವವನು ಓಡಿ ಬಂದು, ಎರಡನೆಯ ತೆರೆಯಲ್ಲಿ ಗಲಾಟೆ, ಒಬ್ಬ ಹೆಂಗಸೂ ಇದ್ದಾಳೆ, ಮ್ಯಾನೇಜರು ನಿಮ್ಮನ್ನು ಕರೆಯುತ್ತಿದ್ದಾರೆ ಎಂದ.

ಒಳಗೆ ಹೋದೆ. ತೆರೆಯ ಬೆಳಕಿನಲ್ಲಿ ನಡುದಾರಿಯಲ್ಲಿ ಬಿಳಿ ಪಂಚೆಯ ಆ ಮನುಷ್ಯ ನಿಂತಿದ್ದರು. ಮುಂದಿನ ಸೀಟಿನ ಕವರನ್ನು ಹಿಡಿದು ಎಳೆಯುತ್ತಿದ್ದರು, ಹೊಲಿಗೆ ಬಿಟ್ಟು ಸ್ಪಂಜು ಹೊರಗೆ ಬಂದಿತ್ತು. ಆ ಸೀಟಿನಲ್ಲಿ ಕೂತಿದ್ದವನು ಎದ್ದು ಬಯ್ಯುತ್ತಿದ್ದ. ಹೆಂಡತಿ ಎರಡೂ ಕೈಯಲ್ಲಿ ಅವರ ಮಣಿಕಟ್ಟು ಹಿಡಿದಿದ್ದಳು.

"ಬಿಡು ನನ್ನ. ನೀರ್ ಕಟ್ಟಾಕ್ ಹೋಗ್ಬೇಕು. ಮಡೆ ಒಡ್ದೋಯ್ತದೆ, ಗದ್ದೆಯೆಲ್ಲ ಹೋಯ್ತದೆ, ಬಿಡು!"

ಕಾಲುವೆಯ ನೀರು ತಿರುಗಿಸುವ ಮಡೆ ಅವರಿಗೆ ಕಣ್ಣ ಮುಂದೆಯೇ ಕಾಣುತ್ತಿತ್ತು. ಮೇಲಿನ ಸಾಲಿನಿಂದ ಯಾರೋ, ಹುಚ್ಚನನ್ನು ಯಾಕೆ ಕರೆತರುತ್ತೀರಿ ಎಂದು ಕೂಗಿದರು. ಮೊಮ್ಮಗಳು ಬಾಗಿ ಸೀಟಿನ ಕೆಳಗಿದ್ದ ಚೀಲವನ್ನು ಎತ್ತಿಕೊಂಡಳು. ಮ್ಯಾನೇಜರು ನನ್ನ ಕಿವಿಯ ಹತ್ತಿರ, ಮೆಲ್ಲಗೆ ಹೊರಗೆ ಕರೆದುಕೊಂಡು ಹೋಗಿ ಎಂದರು.

ಹೊರಗೆ ಬಿಸಿಲಿನಲ್ಲಿ ಅವರು ಸ್ವಲ್ಪ ತಣ್ಣಗಾದರು. ಮೆಟ್ಟಿಲ ಮೇಲೆ ಮೂವರನ್ನೂ ಕೂರಿಸಿದೆ. ಅವರ ಬೆರಳುಗಳು ಮಾತ್ರ ನಿಲ್ಲಲಿಲ್ಲ. ಅಂಗಿಯ ಗುಂಡಿ, ಪಂಚೆಯ ಅಂಚು, ಏನು ಸಿಕ್ಕರೆ ಅದನ್ನು ಕೀಳುತ್ತಿದ್ದವು. ಆಗ ಆ ಹೆಂಗಸು ಹೇಳಿದಳು, ತಮಿಳಿನಲ್ಲಿ, ನನಗೆ ತಿಳಿಯಲಿ ಎಂದು ನಿಧಾನವಾಗಿ. ಮೂರು ವರ್ಷದಿಂದ ಅವರಿಗೆ ನೆನಪು ಉಳಿಯುತ್ತಿಲ್ಲ, ಪಂಚೆ ಒದ್ದೆಯಾದದ್ದೂ ತಿಳಿಯುವುದಿಲ್ಲ. ಕೈಗೆ ಕೆಲಸವಿಲ್ಲದಿದ್ದರೆ ಗಾಬರಿ ಹತ್ತುತ್ತದೆ. ಕಡಲೆಕಾಯಿ ಕೊಟ್ಟರೆ ಒಂದೊಂದಾಗಿ ಬಿಡಿಸುತ್ತಾರೆ, ಬೀಜವನ್ನು ಅವಳ ಕೈಗೆ ಹಾಕುತ್ತಾರೆ. ಎರಡು ಮೂರು ಗಂಟೆ ಹಾಗೇ ಕೂತಿರುತ್ತಾರೆ. ಮದುವೆಯಾದಾಗಿನಿಂದ ತಿಂಗಳಿಗೊಂದು ಸಿನಿಮಾ ಎಂದು ಇಬ್ಬರೂ ನೋಡಿದವರು. ಇದು ಮೂರು ವರ್ಷದಲ್ಲಿ ಮೊದಲನೆಯದು. ತೇವಾರದಿಂದ ಬಸ್ಸು ಬದಲಿಸಿ ಬಂದಿದ್ದರು. ಮನೆಯಲ್ಲಿ ಟಿವಿಯ ಮುಂದೆ ವಾರವೆಲ್ಲ ಅಭ್ಯಾಸ ಮಾಡಿಸಿದ್ದರಂತೆ, ಕತ್ತಲು ಮಾಡಿ, ಕಡಲೆಕಾಯಿ ಕೊಟ್ಟು, ಎದ್ದು ಹೋಗದೆ ಕೂರುತ್ತಾರೋ ಎಂದು.

"ಕೂತಿದ್ದರು" ಎಂದಳು. "ಎಲ್ಲ ದಿನವೂ ಕೂತಿದ್ದರು."

ಅವಳು ಗಂಡನ ಕಡೆ ತಿರುಗಿ ಅವರ ಗುಂಡಿ ಹಾಕುತ್ತಾ, ಈಗ ಕನ್ನಡದಲ್ಲಿ, ಅವರಿಗೆ ಮಾತ್ರ ಎಂಬಂತೆ ಸಮಾಧಾನ ಹೇಳಿದಳು. "ಕೋವಿಸ್ಕಬ್ಯಾಡಿ. ಪಾವಂ, ಅವ್ಳೇನ್ ಮಾಡ್ತಾಳೆ. ಬೆಳಗಿಂದ ನಿಂತವ್ಳೆ, ಕಾಲ್ ನೋಡಿ ಹೆಂಗ್ ಊದ್ಕಂಡೈತೆ."

ಸಾಲಿನಲ್ಲಿ ಅಷ್ಟು ದಿನ ಕದ್ದು ಕೇಳಿಸಿಕೊಂಡಿದ್ದೆ. ಇದೂ ನನಗೆಂದು ಹೇಳಿದ ಮಾತಲ್ಲ. ಸುಮ್ಮನಿದ್ದುಬಿಡಬಹುದಿತ್ತು. ಅವಳು ಹೋಗಿಬಿಡುತ್ತಿದ್ದಳು, ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಅಷ್ಟು ಹೊತ್ತು ನಿಂತವಳು ಅಲ್ಲೇ ಮೆಟ್ಟಿಲ ಮೇಲೆ ಕೂತೆ.

"ನಂಗೂ ತೆರೀತದೆ ಅವ್ವ" ಎಂದೆ. "ನಾನೂ ನಮ್ಮೋಳೇ. ಚಿನ್ನಮನೂರು."

ಅವಳ ಕೈ ಗುಂಡಿಯ ಮೇಲೆ ನಿಂತಿತು. ಮೊದಲು ಸಂತೋಷವೇ ಆಯಿತು ಅವಳಿಗೆ, ಕಣ್ಣಲ್ಲಿ ಕಂಡಿತು. ಯಾರ ಮನೆ ಎಂದು ಕೇಳಲು ಬಾಯಿ ತೆರೆದಳು. ಆಮೇಲೆ ಹೊಳೆಯಿತು.

"ಹಂಗಾರೆ... ಆವಾಗ ನಾನ್ ಹೇಳಿದ್ದು?"

"ಕೇಳಿಸ್ತು."

ಮೊಮ್ಮಗಳು ತಮಿಳಿನಲ್ಲಿ ಕೇಳಿದಳು. "ಕೇಳಿಸಿಕೊಂಡೇ ಹಿಡಿದಿರಾ?" ಅವಳ ದನಿಯಲ್ಲಿ ಸಿಟ್ಟಿಗಿಂತ ಅಸಹ್ಯ ಹೆಚ್ಚಿತ್ತು.

"ಹೌದು."

ಅಜ್ಜಿ ನನ್ನಿಂದ ಸ್ವಲ್ಪ ಆಚೆಗೆ ಸರಿದು ಕೂತಳು, ಅಷ್ಟೇ. ಒಂದು ಗೇಣು ಇರಬಹುದು.

ನಾನು ಎದ್ದೆ. ಗೇಟಿನ ಎದುರು ರಸ್ತೆಯಾಚೆ ಕಡಲೆಕಾಯಿ ಹುರಿಯುವ ತಳ್ಳುಗಾಡಿ ಇತ್ತು. ಕರ್ತವ್ಯದ ಹೊತ್ತಿನಲ್ಲಿ ಗೇಟು ದಾಟಬಾರದೆಂಬ ನಿಯಮವೂ ಇತ್ತು. ದಾಟಿ ಹೋಗಿ, ಸಿಪ್ಪೆ ಸಹಿತದ ಕಡಲೆಕಾಯಿಯನ್ನು ದೊಡ್ಡ ಪೊಟ್ಟಣ ಕಟ್ಟಿಸಿಕೊಂಡು ಬಂದೆ. ಬಚ್ಚಿಡಲಿಲ್ಲ. ಖಾಕಿ ಅಂಗಿಯಲ್ಲಿ ಕೈಯಲ್ಲಿ ಪೊಟ್ಟಣ ಹಿಡಿದುಕೊಂಡೇ ನನ್ನ ಮೇಜನ್ನು ದಾಟಿದೆ. ಅಣ್ಣ ಕುರ್ಚಿಯಿಂದ ಎದ್ದು ನಿಂತು, "ಏನಮ್ಮಾ ಇದು?" ಎಂದರು. ಮ್ಯಾನೇಜರು ಕ್ಯಾಂಟೀನಿನವರ ಜೊತೆ ಮಾತಾಡುತ್ತಾ ಅಲ್ಲೇ ಇದ್ದರು.

"ಒಳಗೆ ಒಯ್ಯುತ್ತಿದ್ದೇನೆ ಸಾರ್. ಆ ಹಿರಿಯರಿಗೆ. ತಿನ್ನುವುದಕ್ಕಲ್ಲ, ಕೈಗೆ ಕೆಲಸಕ್ಕೆ. ಇದನ್ನು ಗೇಟಿನಲ್ಲಿ ಕಿತ್ತುಕೊಂಡವಳು ನಾನೇ. ಅದಕ್ಕೇ ಹೀಗಾಯಿತು."

ಕ್ಯಾಂಟೀನಿನವರು, ಇವತ್ತು ಒಬ್ಬರಿಗೆ ಬಿಟ್ಟರೆ ನಾಳೆ ಊರೆಲ್ಲ ಕೈಗೆ ಕೆಲಸ ಎನ್ನುತ್ತದೆ ಎಂದರು. ಮ್ಯಾನೇಜರು ಮುಖ ಒರೆಸಿಕೊಂಡರು. ಅವರೂ ಐದು ದಿನದಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ, ಆ ಹೊತ್ತಿನಲ್ಲಿ ಅವರ ಮೇಲೆ ನನಗೆ ಸಿಟ್ಟಿರಲಿಲ್ಲ. ಮೆಟ್ಟಿಲ ಮೇಲೆ ಅಂಗಿಯ ಗುಂಡಿ ಕೀಳುತ್ತಿದ್ದ ಮನುಷ್ಯನನ್ನು ಸ್ವಲ್ಪ ಹೊತ್ತು ನೋಡಿದರು.

"ಹಿಂದಿನ ಸಾಲಿನ ಮೂಲೆ" ಎಂದರು. "ನೀವೂ ಜೊತೆಗಿರಿ. ಇನ್ನೊಂದು ಸಲ ಎದ್ದರೆ ಕಳಿಸಿಬಿಡಬೇಕು."

ಹೀಗೆ ಆ ಸಿನಿಮಾದ ಅರ್ಧವನ್ನು ನಾನು ನೋಡಿದೆ. ಸಿನಿಮಾದಲ್ಲಿ ಏನಾಯಿತೆಂದು ಹೇಳಲಾರೆ, ನಾನು ನೋಡಿದ್ದು ಅವರ ಬೆರಳುಗಳನ್ನು. ಹೆಬ್ಬೆರಳಿನಿಂದ ಒತ್ತಿ, ಸಿಪ್ಪೆ ಸೀಳಿ, ಒಳಗಿನ ಕೆಂಪು ಪೊರೆಯನ್ನು ಉಜ್ಜಿ ಊದಿ, ಎರಡು ಬೀಜವನ್ನು ಹೆಂಡತಿಯ ಅಂಗೈಗೆ ಹಾಕುವುದು. ಸಿಪ್ಪೆಯನ್ನು ತಮ್ಮ ಜೇಬಿಗೆ. ನೆಲಕ್ಕೆ ಒಂದೂ ಬೀಳಲಿಲ್ಲ. ತೆರೆಯ ಮೇಲೆ ಹೊಡೆದಾಟ ನಡೆಯುವಾಗ ಕೈ ನಿಲ್ಲಿಸಿ ತಲೆಯೆತ್ತುತ್ತಿದ್ದರು, ಮತ್ತೆ ಬಿಡಿಸುತ್ತಿದ್ದರು. ಅಜ್ಜಿ ತೆರೆಯಿಂದ ಕಣ್ಣು ತೆಗೆಯದೆ ಅಂಗೈ ಚಾಚಿಕೊಂಡೇ ಇದ್ದಳು. ಒಂದು ಹಾಡಿನ ನಡುವೆ ಅವಳು ನಕ್ಕದ್ದು ಕೇಳಿಸಿತು. ಮೊಮ್ಮಗಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಆಟ ಬಿಟ್ಟ ಮೇಲೆ ಗೇಟಿನವರೆಗೆ ಹೋದೆ. ಅಜ್ಜಿ ಹೊರಡುವ ಮುಂಚೆ ನನ್ನ ಕೈ ಹಿಡಿದು, ಬಿಡಿಸಿದ ಬೀಜಗಳನ್ನೆಲ್ಲ ಅದಕ್ಕೆ ಸುರಿದಳು.

"ತಿನ್ನು" ಎಂದಳು. ಮನ್ನಿಸಿದಳೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಹಸಿವಾಗಿತ್ತು, ನಿಂತಲ್ಲೇ ತಿಂದೆ.

ಮರುದಿನ ಬೆಳಿಗ್ಗೆ ಗೇಟು ತೆರೆಯುವ ಮುಂಚೆ ಸಾಲಿನ ಉದ್ದಕ್ಕೂ ನಡೆದು ಹೋದೆ. ಮೊದಲು ತಮಿಳಿನಲ್ಲಿ ಹೇಳಿದೆ, ಹೊರಗಿನ ತಿಂಡಿ ಇದ್ದರೆ ಈಗಲೇ ತಿಂದು ಬನ್ನಿ, ಒಳಗೆ ಬಂದ ಮೇಲೆ ವಾಪಸ್ ಸಿಗುವುದಿಲ್ಲ. ಆಮೇಲೆ ಅದನ್ನೇ ನಮ್ಮ ಕನ್ನಡದಲ್ಲಿ ಗಟ್ಟಿಯಾಗಿ ಹೇಳಿದೆ. ಕೊನೆಗೆ, "ನಂಗೆ ಕನ್ನಡ ತೆರೀತದೆ, ನೋಡಿ ಮಾತಾಡಿ" ಎಂದು ಸೇರಿಸಿದೆ. ಸಾಲಿನಲ್ಲಿ ಅಲ್ಲಲ್ಲಿ ತಲೆಗಳು ಮೇಲೆದ್ದವು. ಒಬ್ಬಳು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಇನ್ನೊಬ್ಬಳು ತಂಗಿಯ ಕೈ ಹಿಡಿದು ಸಾಲು ಬಿಟ್ಟು ಹೊರಗೆ ಹೋಗಿ, ಕಾಂಪೌಂಡಿನ ಗೋಡೆಗೆ ಒರಗಿ ಡಬ್ಬಿ ಬಿಚ್ಚಿ, ಗಬಗಬನೆ ತಿಂದು ಬಂದಳು. ಕೆಲವರು ಏನೂ ಹೇಳದೆ ಬಚ್ಚಿಟ್ಟುಕೊಂಡೇ ಬಂದರು. ಸಿಕ್ಕಿದ್ದು ಸಿಕ್ಕಿತು, ಸಿಗದ್ದು ಒಳಗೆ ಹೋಯಿತು. ಪ್ರತಿ ಆಟಕ್ಕೂ ಹೀಗೇ ಮಾಡಿದೆ. ಗಂಟಲು ಕಟ್ಟಿತು. ಡ್ರಮ್ಮು ಅರ್ಧಕ್ಕೂ ಏರಲಿಲ್ಲ.

ಏಳನೆಯ ದಿನ ಮ್ಯಾನೇಜರು ಕರೆದರು. ನಿಮ್ಮ ಮೂಗಿಗೆ ಏನಾಯಿತು ಎಂದು ಕ್ಯಾಂಟೀನಿನವರು ಕೇಳುತ್ತಿದ್ದಾರೆ ಎಂದರು.

"ಮೂಗಲ್ಲ ಸಾರ್" ಎಂದೆ. ಭಾಷೆಯ ವಿಷಯವನ್ನೆಲ್ಲ ಹೇಳಿದೆ.

ಅವರು ಬೆರಗಾಗಿ ನೋಡಿದರು. "ಒಳ್ಳೆಯದೇ ಆಯಿತಲ್ಲ. ಅಂಥ ಕಿವಿ ಇದ್ದೂ ಸಾಲಿಗೆ ಮುಂಚೆಯೇ ಹೇಳಿ ಕೆಡಿಸುತ್ತೀರಾ?"

"ಅದು ನನ್ನ ಮನೆಯ ಮಾತು ಸಾರ್. ಅದರಲ್ಲಿ ನನ್ನ ಅಕ್ಕ ತಂಗಿಯರು ಗುಟ್ಟು ಹೇಳುತ್ತಾರೆ. ನಾನು ಅದನ್ನು ಈ ಮೇಜಿನ ಮೇಲೆ ಇಡಲಾರೆ. ಬೇರೆ ಯಾವ ಕೆಲಸ ಕೊಟ್ಟರೂ ಮಾಡುತ್ತೇನೆ."

ಅವರಿಗೆ ಅರ್ಥವಾಯಿತೋ ಇಲ್ಲವೋ. ರಜೆ ಮುಗಿಯುತ್ತಾ ಬಂದಿತ್ತು, ವಾದಕ್ಕೆ ಅವರಿಗೂ ಶಕ್ತಿ ಇರಲಿಲ್ಲ. ಡ್ರಾಯರಿನಿಂದ ಒಂದು ಟಾರ್ಚು ತೆಗೆದು ನನ್ನ ಮುಂದೆ ಇಟ್ಟರು. ಬಾಲ್ಕನಿಯಲ್ಲಿ ತಡವಾಗಿ ಬಂದವರಿಗೆ ಸೀಟು ತೋರಿಸುವ ಕೆಲಸ. ಸಂಬಳ ಕಡಿಮೆ, ಮೆಟ್ಟಿಲು ಹೆಚ್ಚು ಎಂದರು. ಆಗಲಿ ಎಂದೆ.

ಅಂದು ಮಧ್ಯಾಹ್ನವೇ ಹೋದೆ. ಬಾಲ್ಕನಿಯ ಮೆಟ್ಟಿಲುಗಳು ಒಂದಕ್ಕೊಂದು ಸಮವಿಲ್ಲ, ಕತ್ತಲಲ್ಲಿ ಎಡವುವುದು ಸುಲಭ. ಸಿನಿಮಾದಲ್ಲಿ ಯಾರೋ ಸಾಯುವ ಹೊತ್ತು, ಸಂಗೀತ ನಿಂತಿತ್ತು. ಆ ಮೌನದಲ್ಲಿ ನನ್ನ ಎರಡೂ ಕಡೆ ಪ್ಲಾಸ್ಟಿಕ್ ಕವರು ಸರಸರನೆ ಬಿಚ್ಚಿಕೊಳ್ಳುವುದು, ಡಬ್ಬಿಯ ಮುಚ್ಚಳ ಟಪ್ಪೆನ್ನುವುದು, ಏನೋ ಗರಿಗರಿಯಾದದ್ದು ಹಲ್ಲಿನ ನಡುವೆ ಮುರಿಯುವುದು ಕೇಳಿಸಿತು. ನನ್ನನ್ನೂ ನನ್ನ ಬೆಳಕನ್ನೂ ಕಂಡು ಆ ಸದ್ದುಗಳು ಒಂದೊಂದಾಗಿ ನಿಂತವು. ಎರಡನೆಯ ಸಾಲಿನಲ್ಲಿ ಒಬ್ಬಳು ಏನನ್ನೋ ಬೆನ್ನ ಹಿಂದೆ ಸರಿಸಿಕೊಂಡು, ತೆರೆಯನ್ನೇ ನೋಡುವವಳ ಹಾಗೆ ಕುತ್ತಿಗೆ ನೆಟ್ಟಗೆ ಮಾಡಿದಳು.

ನಾನು ಟಾರ್ಚನ್ನು ಕೆಳಗಿಳಿಸಿ, ಬೆಳಕು ನನ್ನ ಪಾದದ ಮುಂದಿನ ಮೆಟ್ಟಿಲ ಮೇಲೆ ಮಾತ್ರ ಬೀಳುವಂತೆ ಹಿಡಿದುಕೊಂಡು, ಇನ್ನೊಂದು ಮೆಟ್ಟಿಲು ಹತ್ತಿದೆ.